ಸುಗಲಾ ಅಕ್ಕೋರು ಹೊತ್ತು ಹೋದ ಚೀಲ

ಬಹಳ ಹಿಂದೆ, ಮನೆಮನೆಗೂ ಫೋನು ಬಂದು, ಅದರೊಳಗೆ ಬಂದದ್ದೆಲ್ಲ ಖರೇ ಅಂತ ಜನ ನಂಬುತ್ತಿದ್ದ ಕಾಲದಲ್ಲಿ, ಮಡ್ಡಿಹಾಳ ಅನ್ನುವ ಒಂದೂರಿತ್ತಂತೆ. ಆ ಊರ ಶಾಲೆಗೆ ಸುಗಲಾ ಅಂತ ಒಬ್ಬ ಅಕ್ಕೋರು ಬಂದರಂತೆ. ಆ ಕಡೆ ಟೀಚರಮ್ಮನಿಗೆ ಅಕ್ಕೋರು ಅನ್ನುತ್ತಾರೆ.

ಬಂದ ದಿನವೇ ಬೆತ್ತವನ್ನು ಬಿಸಿಯೂಟದ ಒಲೆಗೆ ಹಾಕಿದರು ಅಂತಾರೆ. ಬೆಂಚುಗಳನ್ನು ಎಳೆದು ದುಂಡಗೆ ಇಟ್ಟರಂತೆ. ಬಾಯಿಪಾಠ ಬಿಡಿಸಿ, ತಮ್ಮ ಫೋನನ್ನೇ ಮಕ್ಕಳ ನಡುವೆ ಇಟ್ಟು, ಒಂದೊಂದು ಚಿತ್ರ ತೋರಿಸಿ, "ಇದನ್ನ ತೆಗೆದವರು ಯಾರು? ಯಾವೂರಾಗ? ಅಂಗಡಿ ಬೋರ್ಡಿನ ಅಕ್ಷರ ಯಾವ ಭಾಷೀದು?" ಅಂತ ಕೇಳುತ್ತಿದ್ದರಂತೆ. ಮಕ್ಕಳು ಎದುರು ಪ್ರಶ್ನೆ ಹಾಕಿದರೆ ಅವರಿಗೆ ಹಿಗ್ಗೋ ಹಿಗ್ಗು. ಊರ ಹಿರಿಯರಿಗೆ ಮಾತ್ರ ಇದು ಸರಿಬರಲಿಲ್ಲ. ಪಾಠ ಬಿಟ್ಟು ಫೋನಿನ ಆಟ ಕಲಿಸ್ತಾಳ ಅಂತ ಆಡಿಕೊಂಡರು. ತಾಯಂದಿರು ಕೆಲವರು ಬಂದು, ನಮಗೂ ಹೇಳಿಕೊಡ್ರಿ ಅಂದರಂತೆ. ಮೊದಲು ಮಕ್ಕಳದಾಗಲಿ, ಸುಗ್ಗಿ ಮುಗಿದ ಮೇಲೆ ನೋಡೋಣ ಅಂತ ಅಕ್ಕೋರು ಕಳಿಸಿಬಿಟ್ಟರಂತೆ.

ಸುಗ್ಗಿ ಮುಗಿಯುವ ಮೊದಲೇ ಊರಿನ ಫೋನುಗಳಿಗೆಲ್ಲ ಒಂದು ವಿಡಿಯೋ ಬಂತು. ಚೀಲ ಹೊತ್ತ ಹೆಂಗಸೊಬ್ಬಳು ಮಗುವನ್ನು ಎತ್ತಿಕೊಂಡು ಸಂತೆಬೀದಿಯಲ್ಲಿ ಓಡುವ ವಿಡಿಯೋ. ಮಕ್ಕಳ ಕಳ್ಳರು ನಮ್ಮ ಸೀಮೆಗೆ ಬಂದಿದ್ದಾರೆ ಅಂತ ಕೆಳಗೆ ಬರೆದಿತ್ತಂತೆ. ಮೂರನೇ ದಿನ ಮಧ್ಯಾಹ್ನ, ಉದುರಿದ ಕೂದಲು ತಗೊಂಡು ಬದಲಿಗೆ ಪಿನ್ನು, ಬಲೂನು ಕೊಡುವ ಮುದುಕಿಯೊಬ್ಬಳು ಚೀಲ ಹೊತ್ತು ಊರಿಗೆ ಬಂದಳು. ಅವಳ ಮಾತು ಯಾರಿಗೂ ತಿಳಿಯದು. ಒಂದು ಮಗುವಿನ ಕೈಗೆ ಬಲೂನು ಕೊಟ್ಟಳಂತೆ, ಅಷ್ಟೇ.

ಮಕ್ಕಳ ಕಳ್ಳಿ ಸಿಕ್ಕಳು ಅಂತ ಜನ ಕಲ್ಲು, ಬಡಿಗೆ ಹಿಡಿದು ಅವಳ ಮೇಲೆ ಬಿದ್ದರಂತೆ. ಗದ್ದಲ ಕೇಳಿ ಅಕ್ಕೋರು ಶಾಲೆಯಿಂದ ಓಡಿ ಬಂದರು. ಮುದುಕಿಯ ಮೇಲೆ ಅಡ್ಡ ಬಿದ್ದು, "ವಿಡಿಯೋದಾಗಿನ ಬೋರ್ಡ್ ನೋಡ್ರೋ ಯಪ್ಪಾ, ಅದು ನಮ್ಮ ದೇಶದ ಅಕ್ಷರನ ಅಲ್ಲ!" ಅಂತ ಕೂಗಿದರಂತೆ.

"ದೂರ ಸರೀರಿ ಅಕ್ಕೋರ! ನಮ್ಮ ಮಕ್ಕಳು ಹೋದ ಮ್ಯಾಲೆ ಅಕ್ಷರ ಓದ್ಕೋತ ಕೂಡೂಣೇನು?" ಅಂದನಂತೆ ಒಬ್ಬ.

ಒಂದು ಕಲ್ಲು ಬಂದು ಅಕ್ಕೋರ ಹಣೆಗೆ ಬಿತ್ತು. ಆಗ ಶಾಲೆಯ ಮಕ್ಕಳೆಲ್ಲ ಬಂದು ಸುತ್ತ ನಿಂತರಂತೆ. ತಂತಮ್ಮ ಮಕ್ಕಳ ಮುಖ ಕಂಡಾಗ ಜನರ ಕೈ ಇಳಿದವಂತೆ. ಅಷ್ಟರಲ್ಲಿ ಮುದುಕಿಯ ಉಸಿರು ನಿಂತಿತ್ತು.

ಬಾಗಿಲಿಗೆ ಬಂದ ತಾಯಂದಿರನ್ನು ತಿರುಗಿ ಕಳಿಸಿದೆನಲ್ಲ ಅನ್ನುವುದೇ ಅಕ್ಕೋರ ಎದೆ ಕೊರೆಯಿತಂತೆ. ಹಣೆಯ ಗಾಯ ಮಾಯುವ ಮೊದಲೇ ದೊಡ್ಡವರನ್ನೆಲ್ಲ ಕರೆದು, ಸಣ್ಣ ಬೆಂಚುಗಳ ಮೇಲೆ ಕೂಡಿಸಿ, ಮಕ್ಕಳಿಂದಲೇ ಪಾಠ ಹೇಳಿಸಿದರಂತೆ. ತಲೆ ಎತ್ತಿ ಕೂತವರು ಒಬ್ಬರೂ ಇರಲಿಲ್ಲ ಅಂತಾರೆ.

ವರ್ಷ ಕಳೆದ ಮೇಲೆ ಅಕ್ಕೋರು ಮುದುಕಿಯ ಚೀಲ ಹೆಗಲಿಗೇರಿಸಿ, ಇದನ್ನು ಆಕೆಯ ಮಕ್ಕಳಿಗೆ ಮುಟ್ಟಿಸಿ ಬರ್ತೀನಿ ಅಂತ ಹೊರಟರು. ಯಾವೂರು, ಯಾರ ಮನೆ, ಏನೂ ಗೊತ್ತಿಲ್ಲ. ಹೊಳೆ ದಾಟಿದ್ದನ್ನು ಕಂಡವರಿದ್ದಾರೆ, ತಿರುಗಿ ಬಂದದ್ದನ್ನು ಕಂಡವರಿಲ್ಲ. ಎಲ್ಲೋ ದೂರದ ಊರುಗಳಲ್ಲಿ ಒಬ್ಬಾಕೆ ಚೀಲ ತೋರಿಸಿ, ಇದು ಯಾರದು ಅಂತ ಕೇಳುತ್ತ ತಿರುಗುತ್ತಾಳೆ ಅಂತ ಬಹಳ ದಿನ ಸುದ್ದಿ ಬರುತ್ತಿತ್ತಂತೆ.

ಇವತ್ತಿಗೂ ಮಡ್ಡಿಹಾಳಕ್ಕೆ ಹೊರಗಿನವರು ಯಾರೇ ಬರಲಿ, ಮೊದಲು ಕಟ್ಟೆಯ ಮೇಲೆ ಕೂಡಿಸಿ, ಅಕ್ಕೋರ ಹೆಸರಲ್ಲಿ ಒಂದು ತಂಬಿಗೆ ನೀರು ಕೊಟ್ಟು, ನಿಮ್ಮ ಹೆಸರೇನ್ರಿ ಅಂತ ಕೇಳುತ್ತಾರೆ. ಆ ಮುದುಕಿಯ ಹೆಸರನ್ನು ಅವತ್ತು ಯಾರೂ ಕೇಳಿರಲಿಲ್ಲ.