ಕುದುರೆ ನಿಂತರೂ ನಿಲ್ಲದ ರಾಜ

ನಾನೀಗ ಯಾವ ಕಾಲಿನ ಮೇಲೆ ನಿಂತಿದ್ದೇನೆ, ಹೇಳಿ ನೋಡೋಣ? ಆಗಲ್ಲ ಬಿಡಿ, ನಾನು ಕೂತಿದ್ದೇನೆ. ಆದರೆ ಕಡೆಗುಡ್ಡದ ರಾಜ ಜಟ್ಟಿರಾಯನ ಒಗಟುಗಳು ಇಂಥ ಮೋಸದವಲ್ಲ. ಅವನು ಡಂಗುರ ಹೊಡೆಸಿದ: “ಮೂರೂ ಬಿಡಿಸಿದವನಿಗೆ ಮಗಳು ನೀಲಾಂಬೆ. ಒಂದು ತಪ್ಪಿದರೂ ತಲೆ ಹೋಗುತ್ತದೆ!”

ಒಗಟು ಕಟ್ಟಿದವಳು ನೀಲಾಂಬೆಯೇ. ಆ ವಂಶದವರು ರಥದಲ್ಲಿ ನಿಂತೇ ಹೋಗಬೇಕು, ಏನನ್ನೂ ಹಿಡಿಯಬಾರದು. ಹಿಡಿದರೆ ಹೆದರಿದ ಹಾಗಂತೆ. ಹಾಗೇ ಗುಡ್ಡ ಇಳಿಯುವಾಗ ರಥ ಗೋಡೆಗೆ ಗುದ್ದಿ ಅಪ್ಪನ ನಾಲ್ಕು ಹಲ್ಲು ಉದುರಿದ್ದವು. ಹುಷಾರಾಗಿರಿ ಅಂದರೆ ಮಗಳ ಮಾತು ಅವನು ಕೇಳುತ್ತಿರಲಿಲ್ಲ, ಅದಕ್ಕೇ ಈ ಒಗಟು.

“ಕುದುರೆ ನಿಂತರೂ ರಥ ಓಡುತ್ತದೆ. ಓಡಿಸುವುದು ಯಾವುದು, ನಿಲ್ಲಿಸುವುದು ಯಾವುದು?” ಎಂದು ಅವಳು ಕೇಳಿದಳು.

“ಓಡಿಸುವುದು ದೊರೆಗಳ ಕೀರ್ತಿ, ನಿಲ್ಲಿಸುವುದು ದೊರೆಗಳ ಅಪ್ಪಣೆ,” ಅಂದ ಮೊದಲ ರಾಜಕುಮಾರ, ತಲೆ ಹೋಗುವ ದಿನ ಕಾಯಲು ಸೀದಾ ಸೆರೆಮನೆಗೆ ಹೋದ.

ಎರಡನೆಯವನು ತನ್ನ ಸಾರಥಿಯನ್ನು ಕೇಳಿಕೊಂಡು ಬಂದಿದ್ದ, ಮೊದಲ ಒಗಟು ದಾಟಿದ. “ತಾನು ನಜ್ಜುಗುಜ್ಜಾಗಿ ನಮ್ಮನ್ನು ಉಳಿಸುವುದು ಯಾವುದು?” ಎಂದು ಅವಳು ಕೇಳಿದಾಗ, “ಸೈನಿಕ!” ಎಂದು ಎದೆ ತಟ್ಟಿಕೊಂಡ. ಅವನೂ ಒಳಗೆ.

ಆಮೇಲೆ ಬಂದವನು ಹೊನ್ನೂರ. ಅದೇ ಗುಡ್ಡದ ಮೇಲಿಂದ ದಿನಾ ಗಾಡಿ ತುಂಬ ಮಡಕೆ ಇಳಿಸುವವನು.

“ಓಡಿಸುವುದು ಗಾಡಿಗೆ ಹತ್ತಿದ ವೇಗ, ಅವ್ವಾರೆ. ಭಾರ ಜಾಸ್ತಿಯಾದಷ್ಟೂ ಅದು ಮಾತು ಕೇಳಲ್ಲ. ನಿಲ್ಲಿಸುವುದು ಚಕ್ರಕ್ಕೆ ಒತ್ತುವ ಮರದ ತುಂಡು. ಗುಂಡಿ ಬಂದ ಮೇಲಲ್ಲ, ಮೊದಲೇ ಒತ್ತಬೇಕು.”

“ಎರಡನೆಯದು?”

“ಒಣಹುಲ್ಲು. ಗುದ್ದಿದಾಗ ಅದು ಅಪ್ಪಚ್ಚಿ, ಮಡಕೆ ಭದ್ರ.”

ನೀಲಾಂಬೆ ಮೆಲ್ಲಗೆ ಕೇಳಿದಳು: “ರಥ ನಿಂತರೂ ನಿಲ್ಲದವನು ಯಾರು? ಅವನನ್ನು ಏನು ಮಾಡಬೇಕು?”

ಹೊನ್ನೂರ ಕತ್ತು ಸವರಿಕೊಂಡ. ಉತ್ತರ ಗೊತ್ತಿತ್ತು, ಹೇಳಿದರೆ ಕತ್ತು ಉಳಿಯುತ್ತದೋ ಇಲ್ಲವೋ ಗೊತ್ತಿರಲಿಲ್ಲ.

“ಒಳಗಿದ್ದವರು. ರಥ ನಿಂತಿತು ಅಂತ ಅವರ ಮೈಗೆ ತಿಳಿಯಲ್ಲ, ಅದೇ ವೇಗದಲ್ಲಿ ಮುಂದೆ ಹಾರುತ್ತದೆ. ಅದಕ್ಕೆ ದೊರೆಗಳನ್ನು ಕೂರಿಸಿ, ಎದೆಗೂ ಸೊಂಟಕ್ಕೂ ಅಗಲವಾದ ಬಟ್ಟೆ ಬಿಗಿದು, ಕಟ್ಟಿಹಾಕಬೇಕು.”

ಮಂತ್ರಿ ಎದ್ದು ನಿಂತ. “ಲೇ! ದೊರೆಗಳೇನು ಮಡಕೆಯೇನೋ?”

“ಅಲ್ಲ ಬುದ್ಧಿ. ಮಡಕೆ ಒಡೆದರೆ ಇನ್ನೊಂದು ಮಾಡಬಹುದು.”

ರಾಜ ಬಾಯಿಗೆ ಕೈಯಿಟ್ಟು ಖಾಲಿ ಜಾಗ ಮುಟ್ಟಿ ನೋಡಿಕೊಂಡ. ಆಮೇಲೆ ನಕ್ಕ. ಸೆರೆಯಲ್ಲಿದ್ದವರನ್ನು ಬಿಟ್ಟ, ಮದುವೆ ಮಾಡಿಸಿದ. ಮೆರವಣಿಗೆಯ ರಥದಲ್ಲಿ ರಾಜ, ಮಗಳು, ಅಳಿಯ ಮೂವರೂ ಬಟ್ಟೆ ಬಿಗಿದುಕೊಂಡೇ ಕೂತಿದ್ದರು.

ನಿಜ ಹೇಳಲಾ? ಈ ಕತೆ ಹೇಳಿದ್ದು ಲಾರಿ ಓಡಿಸುವ ನಮ್ಮ ಮಾವ. ಅವನ ಪ್ರಕಾರ ರಾಜ ಹೊನ್ನೂರನ ತಲೆ ತೆಗೆಸಿದ, ಮುಂದಿನ ವಾರ ಅದೇ ಇಳಿಜಾರಿನಲ್ಲಿ ತಾನೂ ಸತ್ತ. ನನಗೆ ಸರಿಕಾಣಲಿಲ್ಲ. ಮದುವೆ ಮಾಡಿಸಿದ್ದು ನಾನೇ.