ಮೂರು ಕಡೆಯ ಕಾವಲುಗಾರ

ಕೆರೆಯಂಚಿನ ಕಾಡಿನಲ್ಲಿ ಕಾಳ ಎಂಬ ಕಾಜಾಣ ಹಕ್ಕಿ ಇದ್ದ, ಮಕ್ಕಳೇ. ಮೈ ಕಪ್ಪು, ಕಣ್ಣು ಚುರುಕು, ದನಿ ಜೋರು. ಹರಟೆಮಲ್ಲ ಹಕ್ಕಿಗಳ ಬಳಗ ತರಗೆಲೆ ಕೆದಕಿ ಹುಳ ತಿನ್ನುವಾಗ ಯಾರಾದರೊಬ್ಬರು ಕೊಂಬೆಯ ಮೇಲೆ ಕಾವಲು ಕೂರಲೇಬೇಕು. ಆ ಕೆಲಸವನ್ನು ಕಾಳ ಒಪ್ಪಿಕೊಂಡಿದ್ದ. ಬಳಗದ ಪುಟ್ಟ ಮರಿ ಚಿಗುರಿ ಅವನನ್ನು ಮಾಮ ಎಂದೇ ಕರೆಯುತ್ತಿದ್ದಳು.

ಹೀಗಿರಲು ಜಿಂಕೆಗಳು ಬಂದವು. "ಕಾಳಣ್ಣ, ನಮ್ಮ ಹುಲ್ಲುಗಾವಲನ್ನೂ ಸ್ವಲ್ಪ ನೋಡ್ಕೊಳ್ಳಪ್ಪ."

"ಆಗಲಿ" ಎಂದ ಕಾಳ. ಗೊರವಂಕಗಳು ಬಂದವು. ಅವಕ್ಕೂ "ಆಗಲಿ" ಎಂದ. ಇಲ್ಲ ಎನ್ನಲು ಅವನಿಗೆ ಬಾಯೇ ಬಾರದು. ಎಲ್ಲರಿಗೂ ತಾನೇ ಬೇಕು ಎಂಬ ಹಿಗ್ಗು ಬೇರೆ!

ಆಮೇಲೆ ನೋಡಿ ಅವನ ಪಾಡು. ಜಿಂಕೆಗಳ ಬಳಿ ಇದ್ದಾಗ ಗೊರವಂಕಗಳ ಚಿಂತೆ, ಗೊರವಂಕಗಳ ಬಳಿ ಇದ್ದಾಗ ಹರಟೆಮಲ್ಲರ ಚಿಂತೆ. ಹಾಡುತ್ತಾ ಕಾಯುತ್ತಿದ್ದವನು ಈಗ ಸದಾ ಸಿಡಿಮಿಡಿ. "ಮಾಮ, ನಾನು ಹಿಡಿದ ಹುಳ ನೋಡು!" ಎಂದು ಚಿಗುರಿ ಕೂಗಿದರೆ, "ಪುರುಸೊತ್ತಿಲ್ಲ, ಹೋಗೇ" ಎನ್ನುತ್ತಿದ್ದ.

ಒಂದು ದಿನ ಕಾಳ ಹರಟೆಮಲ್ಲರ ಕೊಂಬೆಯ ಮೇಲೇ ಕೂತಿದ್ದ. ಕಣ್ಣು ಮಾತ್ರ ದೂರದ ಹುಲ್ಲುಗಾವಲಿನ ಕಡೆ. ಹಿಂದಿನಿಂದ ಗಿಡುಗ ಎರಗಿದ್ದು ಅವನಿಗೆ ಕಾಣಲೇ ಇಲ್ಲ. ಚೀರಾಟ ಕೇಳಿ ತಿರುಗುವಷ್ಟರಲ್ಲಿ ಚಿಗುರಿ ಗಿಡುಗದ ಉಗುರಿನಲ್ಲಿ! ಕಾಳ ಹುಚ್ಚನಂತೆ ನುಗ್ಗಿ ಅದರ ನೆತ್ತಿ ಕುಕ್ಕಿದ. ಗಿಡುಗ ಹಿಡಿತ ಬಿಟ್ಟಿತು. ಚಿಗುರಿಯ ಜೀವವೇನೋ ಉಳಿಯಿತು, ರೆಕ್ಕೆಯ ಗರಿ ಕಿತ್ತುಹೋಗಿತ್ತು. ನಡುಗುತ್ತಾ ಮುಳ್ಳುಪೊದೆಯೊಳಗೆ ನುಸುಳಿದಳು.

"ನನ್ನನ್ನು ಬೈಯಿರಿ ಅಜ್ಜಿ" ಎಂದು ಕಾಳ ಕಣ್ಣೀರಿಟ್ಟ.

ಬಳಗದ ಅಜ್ಜಿ ಅವನ ಕತ್ತು ನೇವರಿಸಿದಳು. "ನೀನು ಬರದೇ ಇದ್ದಿದ್ದರೆ ನಮ್ಮಲ್ಲೇ ಒಬ್ಬರು ಕಾವಲಿಗೆ ಕೊಂಬೆ ಏರುತ್ತಿದ್ದರು ಮಗ. ನೀನಿದ್ದೀಯಲ್ಲ ಅಂತ ಎಲ್ಲರೂ ತಲೆ ಬಗ್ಗಿಸಿ ಹುಳ ಹುಡುಕುತ್ತಿದ್ದೆವು."

ಬೈದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ಕಾಳ ಜಿಂಕೆಗಳ ಬಳಿಗೂ ಗೊರವಂಕಗಳ ಬಳಿಗೂ ಹೋಗಿ, "ಇನ್ನು ನನ್ನಿಂದಾಗದು" ಎಂದ. ಗೊರವಂಕಗಳು ಮುಖ ಊದಿಸಿದವು. "ಇದನ್ನು ಮೊದಲೇ ಹೇಳಬಾರದಿತ್ತೇ? ಕೋತಿಗಳನ್ನು ಕೇಳುತ್ತಿದ್ದೆವು" ಎಂದವು ಜಿಂಕೆಗಳು.

ಚಿಗುರಿ ಮಾತ್ರ ಪೊದೆ ಬಿಟ್ಟು ಬರಲಿಲ್ಲ. ಕಾಳ ಎದುರಿನ ಕೊಂಬೆಯಲ್ಲಿ ಕೂತ. ಗೊರವಂಕಗಳು ಮತ್ತೆ ಮತ್ತೆ ಕರೆದವು. ಅವನು ಕತ್ತು ತಿರುಗಿಸಲಿಲ್ಲ. ಬಿಸಿಲು ಇಳಿಯಿತು.

ಪೊದೆಯೊಳಗಿನಿಂದ ಸಣ್ಣ ದನಿ ಬಂತು. "ಮಾಮ, ಇದೀಯಾ?"

"ಇದೀನಿ ಕಂದ. ಇಲ್ಲೇ ಇದೀನಿ."

ಚಿಗುರಿ ಮೆಲ್ಲನೆ ಹೊರಬಂದಳು. ಗಿಡುಗ ಬಂದೀತೆಂದು ಮೇಲೆ ನೋಡದೆ ತರಗೆಲೆ ಕೆದಕತೊಡಗಿದಳು.

ನೀತಿ: ಹತ್ತು ಕಡೆ ಅರೆಮನಸ್ಸಿನಿಂದ ಇರುವುದಕ್ಕಿಂತ ಒಂದು ಕಡೆ ಪೂರ್ತಿ ಇರುವುದು ಮೇಲು, ಆಗದ್ದನ್ನು ಆಗದೆಂದು ಮೊದಲೇ ಹೇಳುವುದೂ ಪ್ರೀತಿಯೇ.