ಬರಿ ತಡದ ನೀಲಗಂಗವ್ವ

ಕೂಡ್ರಿ, ಹೇಳ್ತೀನಿ. ಭಾಳ ಹಿಂದಿನ ಮಾತು. ಎಷ್ಟು ಹಿಂದಿಂದು ಅಂತ ಕೇಳಬ್ಯಾಡ್ರಿ, ನಮ್ಮತ್ತಿಗೂ ಗೊತ್ತಿರಲಿಲ್ಲ. ಇದ ಊರಾಗ, ಇದ ನೇಕಾರ ಓಣ್ಯಾಗ ನೀಲಗಂಗವ್ವ ಅನ್ನೋ ಸೂಲಗಿತ್ತಿ ಇದ್ದಳಂತ. ಆಕಿ ಕೈಯಾಗ ಹುಟ್ಟಿದ ಕೂಸು ಸಾವಿರ ಅಂತಾರ ಕೆಲವರು, ಎರಡು ಸಾವಿರ ಅಂತಾರ ಇನ್ನ ಕೆಲವರು. ಇರಲಿ.

ಆವಾಗ ಕೂಸು ಕಣ್ಣು ಮ್ಯಾಲೆ ಮಾಡಿದ್ರ ಸಾಕು, ಗಾಳಿ ಬಡದೈತಿ ಅಂತ ಬರಿ ಹಾಕೋ ದುಂಡಪ್ಪನ್ನ ಕರೀತಿದ್ರಂತ. ಅಂವಾ ಸಲಾಕಿ ಕಾಸಿ ಹೊಟ್ಟಿ ಮ್ಯಾಲೆ ಬರಿ ಎಳೀತಿದ್ದ. ಹಾಲು ಕುಡಿಯೋ ಕೂಸಿಗೆ! ಅವನ ಹೆಣಾ ಎತ್ಲಿ. ಕೂಸಿನ ಕೈಕಾಲು ಹಿಡ್ಕೊಂಡು ಕೂಡೋರು ಯಾರು? ಹಡದವರ!

ಒಂದಿನ ಶಿವಲಿಂಗವ್ವನ ಮಗಳು, ವರ್ಷ ತುಂಬಿದ ಕೂಸು, ಉಸುರು ಕಟ್ಟಿ ನೀಲಿಯಾಗಿ ಸೆಟದು ಬಿತ್ತಂತ. ದುಂಡಪ್ಪ ಬರೋದ್ರಾಗ ಎದ್ದು ಕುಂತಿತ್ತು. ಆದ್ರೂ ಸಲಾಕಿ ಒಲ್ಯಾಗ ಇಟ್ರು. ಮತ್ತ ಬರಬಾರದಲ್ಲ, ಅದಕ್ಕಂತ.

ನೀಲಗಂಗವ್ವ ಓಡಿಬಂದು ಕೇಳಿದಳಂತ, "ಮೊದಲು ಏನಾಗಿತ್ತು?"

ನೀಲಿ ಆತು ಅಂದ್ರು. ಅದಕ್ಕೂ ಮೊದಲ? ಇಡೀ ಓಣಿ ಕೂಡೇತಿ, ಕಣ್ಣಿದ್ದವರು ಒಬ್ಬರಿಲ್ಲ! ಕಡೀಕೆ ಕೂಸಿನ ಅಜ್ಜಿ ಬಾಯಿ ಬಿಟ್ಟಳಂತ. ಮಗ್ಗದ ಲಾಳಿ ಬಾಯಾಗ ಇಟ್ಕೊಂಡಿತ್ತವ್ವಾ, ಕಸಕೊಂಡೆ, ಚೀರಿ ಅತ್ತು, ಅತ್ತ ಉಸುರು ಒಳಗ ತಗೊಳ್ಳಲೇ ಇಲ್ಲ ಅಂದಳಂತ.

ನಿದ್ದ್ಯಾಗ ಆಗೈತೇನು? ಇಲ್ಲ. ಜ್ವರಾ ಇತ್ತೇನು? ಇಲ್ಲ. ಆಡ್ತಾ ಆಡ್ತಾ ಸುಮ್ಮನ ಬಿದ್ದೈತೇನು? ಅದೂ ಇಲ್ಲ. ಅತ್ತಾಗ ಅಷ್ಟ. ಆಕಿ ಕೂಸಿನ ಕೆಳಗಿನ ರೆಪ್ಪಿ ಜಗ್ಗಿ ನೋಡಿದಳು, ಬೆಳ್ಳಗ ಇತ್ತಂತ. ಮಗ್ಗದ ಕುಣ್ಯಾಗಿನ ಮಣ್ಣು ತಿಂತದೇನು ಅಂದಳು. ದಿನಾ ತಿಂತದ ಅಂದ್ರು. ಹಂಗಂದ್ರ ರಕ್ತ ಕಡಿಮಿ ಐತಿ, ಇದು ಗಾಳಿಯಲ್ಲ, ಮೂರ್ಛಿಯಲ್ಲ, ಅತ್ತು ಉಸುರು ಹಿಡಿಯೋ ಕೂಸು ಅಂದಳಂತ.

ದುಂಡಪ್ಪಗ ಸಿಟ್ಟು ಬಂತು. ಸೂಲಗಿತ್ತಿ ನನಗ ಕಲಸ್ತಾಳೇನು ಅಂತ ಸಲಾಕಿ ಹಿಡದು ಕೂಸಿನ ಕೈ ಜಗ್ಗಿದ. ಕೂಸು ಚೀರಿತು. ಉಸುರು ನಿಂತಿತು. ತುಟಿ ನೀಲಿ ಆದುವು. ತಾಯಿ ಎದಿ ಬಡ್ಕೊಂಡಳು. ನೀಲಗಂಗವ್ವ ಎಲ್ಲಾರನ್ನೂ ನೂಕಿ ಕೂಸಿನ್ನ ಒಂದು ಮಗ್ಗಲಾಗಿ ಮಲಗಿಸಿದಳಂತ. ಮುಖಕ್ಕ ನೀರಿಲ್ಲ, ಮೂಗಿಗೆ ಉಳ್ಳಾಗಡ್ಡಿ ಇಲ್ಲ, ಬಾಯಾಗ ಬೆರಳಿಲ್ಲ. ಒಂದ ಗಳಿಗಿ. ಕೂಸು ಜೋತು ಬಿತ್ತು, ಆಮ್ಯಾಲೆ ತಾನ ಉಸುರು ಎಳಕೊಂತು.

"ನೋಡಿದ್ರೇನು ಈಗ, ಮೊದಲು ಏನಾಗಿತ್ತು ಅಂತ?" ಅಂದಳಂತ.

ಶಿವಲಿಂಗವ್ವ ಆ ಸಲಾಕಿ ಕಸಕೊಂಡು ಬಾವ್ಯಾಗ ಒಗದಳಂತ. ನುಗ್ಗಿಸೊಪ್ಪು ತಿನಸ್ರಿ, ರಕ್ತ ನೋಡಸ್ರಿ ಅಂದಳಂತ ನೀಲಗಂಗವ್ವ. ಆದ್ರ ಅಳದ ಬಿದ್ರ, ನಿದ್ದ್ಯಾಗ ಸೆಟದ್ರ, ನನ್ನ ಕರೀಬ್ಯಾಡ್ರಿ, ಗಾಡಿ ಹೂಡಿ ಪಟ್ಟಣದ ಡಾಕ್ಟರ ಕಡೆ ಓಡ್ರಿ ಅಂತ.

ಈಗೂ ನಮ್ಮ ಓಣ್ಯಾಗ ಕೂಸಿಗೆ ವರ್ಷ ತುಂಬಿದ ದಿನ ಅಂಗಿ ಬಿಚ್ಚಿ, ಬರಿ ಇಲ್ಲದ ಹೊಟ್ಟಿ ಎಲ್ಲಾರಿಗೂ ತೋರಸ್ತಾರ. ಬರಿ ಬಿದ್ದ ಮುದುಕಿ ತೊಡಿ ಮ್ಯಾಲೆ ಕೂಡಸ್ತಾರ. ಆಕಿ ಅದರ ಕಿವ್ಯಾಗ "ಮೊದಲು ಏನಾಗಿತ್ತು?" ಅಂತ ಕೇಳಬೇಕು, ಅದು ಪದ್ಧತಿ. ನಲವತ್ತು ವರ್ಷದಿಂದ ನಾನ ಕೇಳಾಕತ್ತೀನಿ. ನಾ ಬ್ಯಾರೆ ಊರಾಗ ಹುಟ್ಟಿದಾಕಿ. ನನ್ನ ಹೊಟ್ಟಿ ಮ್ಯಾಲೆ ಮೂರು ಬರಿ ಅದಾವ. ನಮ್ಮವ್ವನ್ನ ಹಂಗ ಯಾರೂ ಕೇಳಲಿಲ್ಲ.